ಫೌಂಟನ್ ಬೇಕಾದ್ರೆ ಹಾಕಿ, ಗಿರಣಿ ಕೆರೆಯ ದಡಕ್ಕೆ ಟೈಲ್ಸ್ ಮಾತ್ರ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪೇಪರ್ ಓದೋದು ನನ್ನ ಹಳೇ ಚಾಳಿ, ಪತ್ರ ಬರೆಯೋದು ಮಾತ್ರ ಇದೇ ಮೊದಲು. ಅದೂ ಮೊಬೈಲಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಾ ಇದ್ದೇನೆ, ಕಾಗುಣಿತ ತಪ್ಪಿದ್ರೆ ನಿಮ್ಮವರು ಸರಿ ಮಾಡ್ಕೊಳ್ಳಿ. ಉದ್ದ ಆಯ್ತು ಅಂತ ಕತ್ತರಿ ಹಾಕೋದಾದ್ರೆ ನನ್ನ ಮನೆ ಕಥೆ ಕತ್ತರಿಸಿ, ಕೆರೆ ವಿಷಯ ಬಿಡಿ.

ವಿಷಯ ಕಾಳಾಚೌಕಿಯ ಗಿರಣಿ ಕೆರೆದು. ಮುಂಬಯಿಯಲ್ಲಿ ಕೆರೆ ಅಂದ ಕೂಡ್ಲೇ ಪೊವಾಯಿ, ಬಾಣಗಂಗಾ ನೆನಪಾಗೋದು ಸಹಜ, ಇದು ಆ ಜಾತಿದಲ್ಲ. ಬಟ್ಟೆ ಮಿಲ್ಲಿನ ಕಾಂಪೌಂಡ್ ಒಳಗೆ ಮಿಲ್ಲಿಗೋಸ್ಕರವೇ ತೋಡಿದ ಕೆರೆ, ಹೊರಗಿನವರಿಗೆ ಕಾಣಿಸ್ತಾನೇ ಇರ್ಲಿಲ್ಲ. ಇಂಡಿಯಾ ಯುನೈಟೆಡ್ ಮಿಲ್ಸ್ ನಂಬರ್ 2 ಮತ್ತು 3 ಇದ್ದ ಜಾಗ ಅದು. ಇದೇ ಕಂಪನಿಯ ನಂಬರ್ 6 ದಾದರ್ ಚೈತ್ಯಭೂಮಿ ಪಕ್ಕದ ಇಂದು ಮಿಲ್, ಈಗ ಅಂಬೇಡ್ಕರ್ ಸ್ಮಾರಕ ಏಳ್ತಾ ಇರೋದು ಅಲ್ಲೇ, ಅದು ಎಲ್ಲರಿಗೂ ಗೊತ್ತು. ಕಾಳಾಚೌಕಿ ಜಾಗದಲ್ಲಿ ಟೆಕ್ಸ್‌ಟೈಲ್ ಮ್ಯೂಸಿಯಂ ಮಾಡ್ಬೇಕು ಅಂತ ಮಹಾನಗರಪಾಲಿಕೆಯವರು ಸುಮಾರು ವರ್ಷಗಳಿಂದ ಓಡಾಡ್ತಾ ಇದ್ದಾರೆ, ಕೆರೆಯೂ ಆ ಪ್ಲಾನಿನಲ್ಲಿದೆ, ಅದರಲ್ಲಿ ಫೌಂಟನ್ನು, ರಾತ್ರಿ ಲೈಟು, ಗೋಡೆ ಚಿತ್ರ, ಶೋ ಎಲ್ಲ ಇದೆ. ಒಳ್ಳೇದೇ. ಮ್ಯೂಸಿಯಂ ಬೇಡ ಅಂತ ನಾನು ಹೇಳ್ತಾ ಇಲ್ಲ, ನಮ್ಮ ಜನ ಬೆವರು ಸುರಿಸಿದ ಜಾಗದಲ್ಲಿ ಒಂದು ಮಾಲ್ ಬರೋ ಬದ್ಲು ಮ್ಯೂಸಿಯಂ ಬಂದ್ರೆ ಸಂತೋಷಾನೇ. ನನ್ನ ತಕರಾರು ಇಷ್ಟೇ, ಕೆರೆಯನ್ನ ಯಾರೂ ಮಿಲ್ಲಿನ ಭಾಗ ಅಂತ ನೋಡ್ತಾ ಇಲ್ಲ, ಮ್ಯೂಸಿಯಂ ಅಂಗಳದ ಶೋಕಿ ವಸ್ತು ಅಂತ ನೋಡ್ತಾ ಇದ್ದಾರೆ. ಆ ಕೆರೆ ಶೋಕಿದಲ್ಲ ಮಾರಾಯ್ರೆ, ಅದು ಮೆಷಿನ್ನು. ಸಾಂಚಾ (ಮಗ್ಗ) ಹೇಗೋ, ಬಾಯ್ಲರ್ ಹೇಗೋ ಹಾಗೇ ಇದೂ ಒಂದು ಯಂತ್ರ, ಕಬ್ಬಿಣದ ಬದ್ಲು ನೀರಲ್ಲಿ ಮಾಡಿದ್ದು ಅಷ್ಟೇ.

ಹೇಗೆ ಅಂತ ಹೇಳ್ತೇನೆ. ನನಗೆ ಇದನ್ನ ಹೇಳಿಕೊಟ್ಟದ್ದು ಬಾಯ್ಲರ್ ಖಾತೆಯ (ಮಿಲ್ಲಲ್ಲಿ ವಿಭಾಗಕ್ಕೆ ಖಾತೆ ಅಂತಾರೆ) ಕಾಕಾ ಒಬ್ರು, ರತ್ನಾಗಿರಿ ಕಡೆಯವರು, ಅವರಪ್ಪನೂ ಅದೇ ಮಿಲ್ಲಿನಲ್ಲಿ ಎಂಜಿನ್ ರೂಮಲ್ಲಿದ್ರಂತೆ. (ನಮ್ಮಪ್ಪ ಇದ್ದದ್ದು ಬೇರೆ ಮಿಲ್ಲು, ಅದರ ಹೆಸರು ಇಲ್ಲಿ ಬೇಡ, ಅದಕ್ಕೂ ಒಂದು ಕೆರೆ ಇತ್ತು, ಅದರ ಕಥೆ ಆಮೇಲೆ.) ಹಳೇ ಕಾಲದಲ್ಲಿ ಇಡೀ ಮಿಲ್ಲು ಓಡ್ತಿದ್ದದ್ದು ಒಂದೋ ಎರಡೋ ದೊಡ್ಡ ಸ್ಟೀಮ್ ಎಂಜಿನ್ನಲ್ಲಿ. ಬಾಯ್ಲರಿನಿಂದ ಆವಿ ಬಂದು ಪಿಸ್ಟನ್ ತಳ್ತದೆ, ತಳ್ಳಿದ ಮೇಲೆ ಆ ಆವಿ ಏನಾಗ್ಬೇಕು? ಸುಮ್ನೆ ಗಾಳಿಗೆ ಬಿಟ್ರೆ ಕಲ್ಲಿದ್ದಲು ದಂಡ. ಅದರ ಬದ್ಲು ಅದನ್ನ ಒಂದು ಮುಚ್ಚಿದ ಡ್ರಮ್ಮಿಗೆ (ಅದೇ ಕಂಡೆನ್ಸರ್) ಬಿಟ್ಟು ತಣ್ಣೀರು ಚಿಮುಕಿಸಿದ್ರೆ ಆವಿ ತಟಕ್ಕನೆ ನೀರಾಗ್ತದೆ. ಒಂದು ಚೊಂಬು ನೀರು ಆವಿ ಆದ್ರೆ ಸುಮಾರು 1,600 ಚೊಂಬು ಜಾಗ ಹಿಡೀತದೆ, ಅದೇ ಆವಿ ಮತ್ತೆ ಒಂದು ಚೊಂಬು ನೀರಾದ್ರೆ? ಅಲ್ಲಿ ಜಾಗ ಖಾಲಿ, ನಿರ್ವಾತ. ಆ ನಿರ್ವಾತ ಪಿಸ್ಟನ್ನನ್ನ ಆ ಕಡೆಯಿಂದ ಎಳೀತದೆ. ಅಂದ್ರೆ ಒಂದು ಕಡೆ ಆವಿ ತಳ್ಳೋದು, ಇನ್ನೊಂದು ಕಡೆ ಕೆರೆ ಎಳೆಯೋದು. ಕಾಕಾ ಎರಡೂ ಕೈ ಮುಂದೆ ಮಾಡಿ ಗರಗಸ ಎಳೆದ ಹಾಗೆ ತೋರಿಸೋರು.

ಇದಕ್ಕೆ ಬೇಕಾದ ತಣ್ಣೀರು ಸ್ವಲ್ಪ ಅಲ್ಲ, ಆವಿಯ ತೂಕದ ಇಪ್ಪತ್ತೈದು ಮೂವತ್ತು ಪಟ್ಟು. ಅಷ್ಟು ನೀರನ್ನ ಪಾಲಿಕೆ ನಲ್ಲಿಯಿಂದ ತಗೊಂಡ್ರೆ ಯಾವ ಸೇಠ್‌ಗೂ ಗಿಟ್ಟೋದಿಲ್ಲ. 1854ರಲ್ಲಿ ಕವಾಸ್‌ಜಿ ದಾವರ್ ಅನ್ನೋ ಪಾರ್ಸಿ ತಾರದೇವ್‌ನಲ್ಲಿ ಈ ಊರಿನ ಮೊದಲ ಹತ್ತಿ ಮಿಲ್ಲಿಗೆ ಕೈ ಹಾಕಿದಾಗ ಮುಂಬಯಿಗೆ ಪೈಪಿನ ನೀರೇ ಇರ್ಲಿಲ್ಲ, ವಿಹಾರ್ ಕೆರೆಯಿಂದ ನೀರು ಬಂದದ್ದು 1860ರಲ್ಲಿ, ತುಳಸಿ, ತಾನ್ಸಾ ಎಲ್ಲ ಆಮೇಲೆ. ನಮ್ಮ ಗೋಕಾಕ ಮಿಲ್ಲನ್ನೇ ನೋಡಿ, ಅಲ್ಲಿ ಘಟಪ್ರಭೆ ಇದೆ, ಫಾಲ್ಸಿನ ನೀರಿನ ಬಲದಲ್ಲೇ ಮಿಲ್ಲು ಓಡಿಸಿದ್ರು. ಮುಂಬಯಿಗೆ ಯಾವ ನದಿ? ಮೀಠಿ ನದಿ ಪರೇಲ್ ಕಡೆ ಬರೋದಿಲ್ಲ, ಸಮುದ್ರದ ನೀರು ಹಾಕಿದ್ರೆ ಕಬ್ಬಿಣ ತಿಂದು ಹಾಕ್ತದೆ. ಹಾಗಾಗಿ ಮಿಲ್ಲು ಕಟ್ಟೋವಾಗ್ಲೇ ಪಕ್ಕದಲ್ಲಿ ಕೆರೆ ತೋಡೋದು, ನಾಲ್ಕು ತಿಂಗಳ ಮಳೆನೀರು ಹಿಡಿಯೋದು, ಅದೇ ನೀರನ್ನ ತಿರುಗಿ ತಿರುಗಿ ಬಳಸೋದು. ಬಿಸಿ ಆಗಿ ವಾಪಸ್ ಬಂದ ನೀರು ಕೆರೆ ಮೈ ಮೇಲೆ ಹರಡಿ, ಗಾಳಿಗೆ ತಣ್ಣಗಾಗಿ, ಇನ್ನೊಂದು ಮೂಲೆಯಿಂದ ಮತ್ತೆ ಎಂಜಿನ್ನಿಗೆ. ಕೆರೆ ದೊಡ್ಡದಾಗಿ, ಅಗಲವಾಗಿ ಯಾಕಿರ್ತಿತ್ತು ಅಂದ್ರೆ ನೋಟಕ್ಕಲ್ಲ, ತಣಿಯೋದಕ್ಕೆ ಮೈ ಬೇಕು ಅಂತ.

ಇನ್ನೊಂದು ವಿಷಯ, ಆ ಭಾಗದ ನೆಲವೇ ಹಾಗೆ. ಮುಂಬಯಿ ಏಳು ದ್ವೀಪ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಮಧ್ಯದ ತಗ್ಗಿಗೆ ಭರತದ ನೀರು ನುಗ್ತಿತ್ತು, 1784ರ ಸುಮಾರಿಗೆ ಹಾರ್ನ್‌ಬಿ ವೆಲ್ಲಾರ್ಡ್ ಕಟ್ಟೆ ಕಟ್ಟಿ (ಈಗ ಹಾಜಿ ಅಲಿ ಮುಂದೆ ಕಾರು ಓಡ್ತಾವಲ್ಲ ಆ ರಸ್ತೆ) ಸಮುದ್ರನ ಹೊರಗೆ ನಿಲ್ಲಿಸಿದ್ರು. ಒಳಗೆ ಉಳಿದದ್ದು ತಗ್ಗು ಜಾಗ, ಅಗ್ಗದ ಜಾಗ. ಗಿರಣಿಗಳು ಎದ್ದದ್ದು ಹೆಚ್ಚಿನವು ಆ ಸುತ್ತಮುತ್ತಲೇ. ತಗ್ಗಲ್ಲಿ ನಾಲ್ಕು ಆಳು ತೋಡಿದ್ರೆ ನೀರು ಬರ್ತಿತ್ತು, ತೋಡಿದ ಮಣ್ಣನ್ನ ಮಿಲ್ಲಿನ ಅಡಿಪಾಯ ಎತ್ತರ ಮಾಡ್ಲಿಕ್ಕೆ ಹಾಕ್ತಿದ್ರು ಅಂತ ಕಾಕಾ ಹೇಳ್ತಿದ್ರು. ಆ ತಗ್ಗಿನ ಬುದ್ಧಿ ನೆಲ ಇವತ್ತಿಗೂ ಬಿಟ್ಟಿಲ್ಲ, ಜೂನ್ ಜುಲೈಯಲ್ಲಿ ಹಿಂದ್‌ಮಾತಾಕ್ಕೆ ಹೋಗಿ ನೋಡಿ, ಮೊಣಕಾಲು ನೀರಲ್ಲಿ ನಿಂತು ಬಸ್ ಕಾಯ್ಬೇಕು.

ಎಂಜಿನ್ ಕಾಲ ಜಾಸ್ತಿ ದಿನ ಇರ್ಲಿಲ್ಲ. 1915ರಲ್ಲಿ ಟಾಟಾದವರು ಖೋಪೋಲಿಯಿಂದ ಕರೆಂಟು ತಂದ್ರು, ಒಂದೊಂದೇ ಮಿಲ್ಲು ಮೋಟಾರಿಗೆ ಬಂತು. ಆದ್ರೂ ಕೆರೆ ಮುಚ್ಲಿಲ್ಲ, ಯಾಕಂದ್ರೆ ನೂಲಿಗೆ ಗಂಜಿ ಹಾಕ್ಲಿಕ್ಕೆ, ಬಣ್ಣ ಹಾಕ್ಲಿಕ್ಕೆ ಬಾಯ್ಲರ್ ಬೇಕೇ ಬೇಕು. ಗಾಳಿ ಒಣಗಿದ್ರೆ ನೂಲು ಪಟಪಟ ಹರೀತದೆ, ಅದಕ್ಕೆ ಖಾತೆ ಒಳಗೆ ತೇವದ ಗಾಳಿ ಬಿಡ್ಲಿಕ್ಕೂ ನೀರು. ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ. ಹತ್ತಿ ಗೋದಾಮಿಗೆ ಒಂದು ಕಿಡಿ ಬಿದ್ರೆ ಮುಗೀತು, ಬಂಬ್ (ಫೈರ್ ಎಂಜಿನ್) ಬರೋ ತನಕ ಕಾಯೋದಕ್ಕಾಗುತ್ತಾ? ಪಂಪ್ ಹಚ್ಚಿ ಕೆರೆಗೆ ಪೈಪ್ ಬಿಡೋದೇ. ನಾನು ಹುಟ್ಟೋ ಹೊತ್ತಿಗೆ ಅದು ಇಂಥ ಕೆರೆ.

ಈಗ ನಮ್ಮ ಮನೆ ಕಥೆ. ಅಪ್ಪ ಊರಿಂದ, ಅಂದ್ರೆ ಕಾರ್ಕಳ ಕಡೆಯಿಂದ, ಹದಿನಾಲ್ಕು ವರ್ಷಕ್ಕೆ ಬಂದು ಮಿಲ್ಲಿನ ಕ್ಯಾಂಟೀನ್ ಸೇರಿದ್ರು. ಮೊದ್ಲು ಕಪ್ಪು ಬಸಿ ತೊಳೆಯೋದು, ಆಮೇಲೆ ಟೇಬಲ್, ಆಮೇಲೆ ಗಲ್ಲೆ. ರಾತ್ರಿ ಕೋಟೆಯಲ್ಲಿ (ಮುಂಬಯಿಯ ಫೋರ್ಟ್ ಭಾಗ) ಕನ್ನಡ ರಾತ್ರಿ ಶಾಲೆ. ಮಿಲ್ಲು ಅಂದ್ರೆ ಎಲ್ಲರೂ ಕೊಂಕಣ, ಸಾತಾರ, ಕೊಲ್ಲಾಪುರದ ಕಾಮ್‌ಗಾರರ ಕಥೆ ಹೇಳ್ತಾರೆ, ಅದು ಸರಿಯೇ, ಜಾಸ್ತಿ ಇದ್ದವರು ಅವರೇ. ಆದ್ರೆ ಮೂರು ಪಾಳಿಗೂ ಅವರಿಗೆ ಚಾ ಕೊಟ್ಟವರಲ್ಲಿ ನಮ್ಮ ಕಡೆಯವರೂ ಇದ್ರು, ಅದನ್ನ ಯಾರೂ ಬರೆಯೋದಿಲ್ಲ. ನಾವಿದ್ದ ಚಾಳ್ ಅಪ್ಪನ ಆ ಮಿಲ್ಲಿನ ಗೋಡೆಗೆ ತಾಗಿಕೊಂಡೇ ಇತ್ತು, ಮೂರನೇ ಮಾಳಿಗೆ, ಗ್ಯಾಲರಿಯಲ್ಲಿ ನಿಂತ್ರೆ ಶೆಡ್ಡುಗಳ ಗರಗಸದಂಥ ಮಾಡು, ಚಿಮಣಿ, ಅದರ ಬುಡದಲ್ಲಿ ಕೆರೆ. ಬೆಳಿಗ್ಗೆ ಭೋಂಗಾ (ಮಿಲ್ಲಿನ ಸೈರನ್) ಆಗೋ ಹೊತ್ತಿಗೆ ಚಳಿ ದಿನ ಆದ್ರೆ ನೀರ ಮೇಲಿಂದ ಹೊಗೆ ಏಳ್ತಿತ್ತು, ಬಿಸಿನೀರು ಬರೋ ಮೂಲೆಯಲ್ಲಿ ಜಾಸ್ತಿ. ಅಮ್ಮ ಅದನ್ನ ನೋಡಿ ಊರಿನ ತೋಟದ ಕೆರೆ ಹೀಗೇ ಅಂತಿದ್ಲು, ಅಲ್ಲಿ ಹೊಗೆ ಏಳೋದು ಬೇರೆ ಕಾರಣಕ್ಕೆ ಅಂತ ಅವಳಿಗೂ ಗೊತ್ತಿತ್ತು.

ನಾವು ಮಕ್ಕಳು ಕೆರೆ ಹತ್ತಿರ ಹೋಗ್ಲಿಕ್ಕೆ ಸಿಗ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ದಸರಾ. ಆವತ್ತು ಎಲ್ಲ ಸಾಂಚಾಗೆ ಚೆಂಡುಹೂವಿನ ಮಾಲೆ, ಮಿಲ್ಲಿನ ಗೇಟು ಮನೆಯವರಿಗೂ ತೆರೀತಿತ್ತು. ಎಲ್ಲರೂ ಮೆಷಿನ್ ಪೂಜೆ ನೋಡ್ತಾ ಇದ್ರೆ ನಾವು ಸೀದಾ ಕೆರೆಗೆ. ಕಲ್ಲು ಕಟ್ಟಿದ ಮೆಟ್ಟಿಲು ಒಂದು ಕಡೆ ಮಾತ್ರ, ಉಳಿದ ಮೂರು ಕಡೆ ಮಣ್ಣಿನ ದಡ, ಜೊಂಡು ಹುಲ್ಲು, ಒಂದು ಅತ್ತಿ ಮರ. ಪಂಪ್‌ಹೌಸ್ ಗೋಡೆ ಮೇಲೆ ಆಳ ಅಳೆಯೋ ಗೀಟುಗಳು. ಬಣ್ಣದ ಖಾತೆ ಕಡೆಯ ಮೂಲೆಯಲ್ಲಿ ನೀರು ನೀಲಿ ನೀಲಿ, ಅಲ್ಲಿ ಮೀನಿಲ್ಲ, ಹಾಗಾಗಿ ಮಿಲ್ಲಿನವರು ಪರಿಸರದ ಸಾಧುಗಳು ಅಂತೇನೂ ನಾನು ಹೇಳ್ತಾ ಇಲ್ಲ, ಆ ಕಾಲದಲ್ಲಿ ಬಣ್ಣದ ನೀರು ಗಟಾರಕ್ಕೆ, ಗಟಾರದಿಂದ ಖಾಡಿಗೆ (ಸಮುದ್ರದ ಹಿನ್ನೀರಿಗೆ), ಕೇಳೋರಿರ್ಲಿಲ್ಲ.

ಕೆರೆಗೆ ಜೀವ ಬಂದದ್ದು ಮಿಲ್ಲಿನ ಜೀವ ಹೋದ ಮೇಲೆ, ಇದು ಹೇಳ್ಲಿಕ್ಕೆ ಕಷ್ಟ ಆದ್ರೂ ಸತ್ಯ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರು ಆಯ್ತು, ಎರಡೂವರೆ ಲಕ್ಷ ಜನ ಹೊರಗೆ. ಅದು ನಿಂತದ್ದು ಯಾವಾಗ ಅಂತ ಕೇಳಿದ್ರೆ ಯಾರ ಹತ್ರನೂ ಒಂದು ತಾರೀಖಿಲ್ಲ, ನಿಲ್ಲಿಸಿದ್ದೇವೆ ಅಂತ ಯಾರೂ ಹೇಳ್ಲೇ ಇಲ್ಲ. ಕ್ಯಾಂಟೀನೂ ಬಂದ್, ಅಪ್ಪ ಭಾಂಡೂಪ್‌ನಲ್ಲಿ ಪಾರ್ಟ್‌ನರ್‌ಶಿಪ್ಪಲ್ಲಿ ಸಣ್ಣ ಹೋಟ್ಲು ಹಾಕಿದ್ರು, ಅದನ್ನ ಬಿಡಿ. ಗೇಟಿಗೆ ಬೀಗ, ಒಳಗೆ ಒಬ್ಬ ಗೂರ್ಖಾ, ಬಣ್ಣದ ನೀರು ನಿಂತುಹೋಯ್ತು, ಮಳೆನೀರು ಮಾತ್ರ ಬಂತು. ಎರಡು ಮೂರು ಮಳೆಗಾಲ ಕಳೆದ ಮೇಲೆ ಗ್ಯಾಲರಿಯಲ್ಲಿ ನಿಂತ್ರೆ ಬೇರೆಯೇ ಸೀನು. ಮೊದ್ಲು ಬಂದದ್ದು ಕೊಳದ ಬಕ, ಕದಲದೆ ನಿಂತಿರ್ತದೆ, ಮಣ್ಣಿನ ಬಣ್ಣ, ಹಾರಿದ್ರೆ ಮಾತ್ರ ಬಿಳಿ. ಆಮೇಲೆ ನೀರುಕಾಗೆ, ಚಿಮಣಿ ಪಕ್ಕದ ಕಬ್ಬಿಣದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸ್ಕೊಳ್ತಾ. ನೀಲಿ ರೆಕ್ಕೆಯ ಮಿಂಚುಳ್ಳಿ. ಜೊಂಡಿನ ಒಳಗಿಂದ ಹುಂಡುಕೋಳಿ, ಮಳೆಗಾಲದ ರಾತ್ರಿ ಅದರ ಕುವಾಕ್ ಕುವಾಕ್ ಶುರುವಾದ್ರೆ ಚಾಳಿನವರಿಗೆ ನಿದ್ರೆ ಇಲ್ಲ, ಕೆಳಗಿನ ಮಾಳಿಗೆಯ ಅಜ್ಜ ಒಬ್ರು ಅದಕ್ಕೆ ಯೂನಿಯನ್ ಲೀಡರ್ ಅಂತ ಹೆಸರಿಟ್ಟಿದ್ರು. ಸಂಜೆ ಕತ್ತಲಾಗೋ ಹೊತ್ತಿಗೆ ಇರುಳು ಬಕಗಳು ಮರ ಬಿಟ್ಟು ಹೊರಡ್ತಿದ್ವು, ರಾತ್ರಿ ಪಾಳಿಗೆ ಹೋದ ಹಾಗೆ. ನೀರ ಮೇಲೇ ತೇಲ್ತಾ, ಹೆದರಿದ್ರೆ ನೀರ ಮೇಲೇ ಪುಟಿದು ಓಡೋ ಕಪ್ಪೆ. ನೀರೊಳ್ಳೆ ಹಾವು, ಅದಕ್ಕೆ ವಿಷ ಇಲ್ಲ, ಆದ್ರೂ ಗೂರ್ಖಾ ಕೋಲು ಹಿಡ್ಕೊಂಡೇ ತಿರುಗ್ತಿದ್ದ.

ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ವಿಷಯ ಸ್ವಲ್ಪ ಜಾಸ್ತಿ ಹೇಳ್ತೇನೆ, ಸೊಳ್ಳೆ ಪ್ರಶ್ನೆ ಅಲ್ಲೇ ಬರೋದು. ಕೆರೆ ಉಳಿಸಿ ಅಂದ ಕೂಡ್ಲೇ ಮೊದಲ ಮಾತು ಮಲೇರಿಯಾ ಆಗ್ತದೆ ಅನ್ನೋದು. ಈ ಹೆದರಿಕೆಗೆ ಇತಿಹಾಸ ಇದೆ, ನೂರು ವರ್ಷದ ಹಿಂದೆ ಬೆಂಟ್ಲಿ ಅನ್ನೋ ಡಾಕ್ಟರು ಮುಂಬಯಿ ಮಲೇರಿಯಾ ತನಿಖೆ ಮಾಡಿ 1911ರಲ್ಲಿ ರಿಪೋರ್ಟ್ ಕೊಟ್ರು, ಮನೆ ಮನೆ ಬಾವಿಯಲ್ಲಿ ಮಲೇರಿಯಾ ಸೊಳ್ಳೆ ಮರಿ ಮಾಡ್ತಾ ಇದೆ ಅಂತ, ಆಮೇಲೆ ಬಾವಿ ಮುಚ್ಚೋ ಕೆಲ್ಸ ಜೋರಾಯ್ತು. ಆದ್ರೆ ಆ ಸೊಳ್ಳೆಗೆ ಬೇಕಾದದ್ದು ಮೀನಿಲ್ಲದ, ಕದಡದ, ಸ್ವಚ್ಛ ನೀರು. ಬಾವಿ, ಮಾಳಿಗೆ ಮೇಲಿನ ಟಾಕಿ (ನೀರಿನ ಟ್ಯಾಂಕ್), ಕಟ್ಟಡ ಕಟ್ಟೋ ಸೈಟಿನ ನೀರು. ಮೀನು, ಕಪ್ಪೆ ತುಂಬಿದ ಬಿಸಿಲು ಬೀಳೋ ಕೆರೆಯಲ್ಲಿ ಅದರ ಮರಿ ಬದುಕೋದೇ ಕಷ್ಟ. ಏರೋಪ್ಲೇನ್ ಚಿಟ್ಟೆ ರೆಕ್ಕೆ ಬರೋ ಮುಂಚೆ ನೀರ ಅಡಿಯಲ್ಲೇ ಇರ್ತದೆ, ಸೊಳ್ಳೆ ಮರಿ ಅದರ ಊಟ, ರೆಕ್ಕೆ ಬಂದ ಮೇಲೆ ದೊಡ್ಡ ಸೊಳ್ಳೆ ಊಟ. ಹಣೆ ಮೇಲೆ ಬೆಳ್ಳಿ ಬೊಟ್ಟಿಟ್ಟ ಹಾಗಿರೋ ನಮ್ಮ ಕಡೆಯ ಪುಟ್ಟ ಮೀನೊಂದಿದೆ, ಊರಿನ ತೋಡಲ್ಲಿ ಹುಡುಗ್ರು ಹಿಡೀತಿದ್ವಲ್ಲ ಅದೇ, ಅದೂ ಇದೇ ಕೆಲ್ಸದ್ದು. ಪಾಲಿಕೆಯವರೇ ಸೊಳ್ಳೆಗೆ ಅಂತ ಗಪ್ಪಿ ಮೀನು ಸಾಕಿ ಬಿಡೋದಿಲ್ವಾ, ಮೀನಿರೋ ಕೆರೆಗೆ ಅವರೇ ಹೆದರೋದು ಎಂತದ್ದು?

ಮಳೆಗಾಲ ಮುಗಿಯೋ ಸಮಯಕ್ಕೆ ಹಿಂಡು ಹಿಂಡಾಗಿ ಹಾರೋ ಹಳದಿ ಏರೋಪ್ಲೇನ್ ಚಿಟ್ಟೆ ನೀವು ನೋಡಿರ್ತೀರಿ. ಅದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗ್ತದೆ ಅಂತ ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಅನ್ನೋ ವಿಜ್ಞಾನಿ 2009ರಲ್ಲಿ ಬರೆದ್ರು. ಎರಡಿಂಚಿನ ಹುಳ! ಅದು ಮೊಟ್ಟೆ ಇಡೋದು ಮಳೆನೀರು ನಿಂತ ಆಳವಿಲ್ಲದ ಜಾಗದಲ್ಲಿ. ಮರಿ ದೊಡ್ಡದಾದ ಮೇಲೆ ಹುಲ್ಲಿನ ಕಡ್ಡಿ ಹಿಡ್ಕೊಂಡು ನೀರಿನಿಂದ ಮೇಲೆ ಹತ್ತಿ, ಅಲ್ಲೇ ಬೆನ್ನು ಒಡೆದು, ರೆಕ್ಕೆ ಒಣಗಿಸ್ಕೊಂಡು ಹಾರ್ಬೇಕು. ಈಗ ದಡಕ್ಕೆ ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಟೈಲ್ಸ್ ಅಂಟಿಸಿದ್ರೆ ಅದು ಹತ್ತೋದು ಎಲ್ಲಿ? ಕೊಳದ ಬಕಕ್ಕೆ ಕಾಲು ಮುಳುಗುವಷ್ಟೇ ನೀರು ಬೇಕು, ಅದು ಈಜೋ ಹಕ್ಕಿ ಅಲ್ಲ, ನೆಟ್ಟಗೆ ಐದಡಿ ಆಳ ಮಾಡಿದ್ರೆ ಅದು ನಿಲ್ಲೋದು ಎಲ್ಲಿ? ಕೆರೆಯ ಜೀವ ಇರೋದು ನಡುನೀರಿಗಿಂತ ಹೆಚ್ಚಾಗಿ ಅಂಚಿನಲ್ಲಿ, ನಾವು ಬ್ಯೂಟಿಫಿಕೇಶನ್ ಅಂತ ಮೊದ್ಲು ಕೈ ಹಾಕೋದೂ ಅಂಚಿಗೇ. ಊರಲ್ಲಿ ಎಷ್ಟು ಕೆರೆಗೆ ಹೀಗೆ ಆಗಿದೆ ನೋಡಿದ್ದೇನೆ, ಸುತ್ತ ಕಟ್ಟೆ, ಕಟ್ಟೆ ಮೇಲೆ ಪಾಲಿಶ್ ಕಲ್ಲು, ಕಲ್ಲಿನ ಮೇಲೆ ದಾನಿಗಳ ಹೆಸರು, ನೀರು ಮಾತ್ರ ಹಸಿರು ಪಾಯಸ.

ನಮ್ಮ ಚಾಳಿನ ಕೆರೆ ಏನಾಯ್ತು ಅಂತ ಕೇಳ್ಬೇಡಿ ಅನ್ಬೇಕಿತ್ತು, ಆದ್ರೂ ಹೇಳ್ತೇನೆ, ಲಾರಿ ಬಂತು. ಒಡೆದ ಶೆಡ್ಡುಗಳ ಇಟ್ಟಿಗೆಯನ್ನೇ ತಂದು ಅದಕ್ಕೆ ಸುರಿದ್ರು, ಎರಡು ವಾರ, ಹಗಲು ರಾತ್ರಿ. ಕೊನೇ ದಿನ ಉಳಿದ ಸ್ವಲ್ಪ ನೀರಲ್ಲಿ ಮೀನುಗಳು ಒದ್ದಾಡ್ತಾ ಇದ್ವು, ಬಕಗಳಿಗೆ ಹಬ್ಬ, ಸುತ್ತಲಿನ ಹುಡುಗರು ಬಕೆಟ್ ತಗೊಂಡು ಇಳಿದ್ರು. ಈಗ ಅಲ್ಲಿ ಟವರು, ಐದನೇ ಮಾಳಿಗೆಯಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯಂತೆ. ನಾವು ಅಷ್ಟರಲ್ಲಿ ಡೊಂಬಿವಲಿಗೆ ಬಂದಾಗಿತ್ತು, ಮುಚ್ಚೋದು ನೋಡ್ಲಿಕ್ಕೆ ಅಂತಲೇ ನಾನು ಎರಡು ಸಲ ರೈಲು ಹತ್ತಿ ಹೋದದ್ದು, ಯಾಕೆ ಹೋದೆ ಅಂತ ಇವತ್ತಿಗೂ ಹೆಂಡ್ತಿ ಕೇಳ್ತಾಳೆ.

ಅದೊಂದೇ ಅಲ್ಲ. 1991ರಲ್ಲಿ ಮಿಲ್ ಜಾಗಕ್ಕೆ ಡಿಸಿ ರೂಲ್ 58 (ಊರಿನ ಅಭಿವೃದ್ಧಿ ನಿಯಂತ್ರಣದ ನಿಯಮ) ಬಂತು, ಮೂರು ಪಾಲು ಮಾಡಿ ಒಂದು ಪಾಲು ಊರಿನ ತೆರೆದ ಜಾಗಕ್ಕೆ, ಒಂದು ಮ್ಹಾಡಾಕ್ಕೆ (ಸರ್ಕಾರದ ವಸತಿ ಮಂಡಳಿ), ಒಂದು ಮಾಲಿಕರಿಗೆ ಅಂತ. 2001ರಲ್ಲಿ ತಿದ್ದಿ ಖಾಲಿ ಇರೋ ಜಾಗ ಮಾತ್ರ ಲೆಕ್ಕಕ್ಕೆ ಅಂದ್ರು, ಕಟ್ಟಡ ನಿಂತ ಜಾಗ ಹೊರಗೆ ಬಿತ್ತು. ಕೇಸ್ ಆಗಿ 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡೀತು. ಸುಮಾರು 600 ಎಕರೆ ಗಿರಣಿ ಜಾಗ ಇತ್ತು ಅಂತಾರೆ, ಅದರಲ್ಲಿ ಊರಿಗೆ ಸಿಕ್ಕಿದ್ದು ಚೂರು. ಈಗ ಕಾಳಾಚೌಕಿಯಲ್ಲಿ ಒಂದು ಇಡೀ ಮಿಲ್ಲು, ಅದೂ ಕೆರೆ ಸಮೇತ, ಪಾಲಿಕೆ ಕೈಗೆ ಬಂದಿದೆ ಅಂದ್ರೆ ಅದು ಲಾಟರಿ. ಬಾಗ್ದಾದಿನಿಂದ ಬಂದ ಸಸೂನ್ ಮನೆತನದವರ ಕೈಯಲ್ಲಿದ್ದ ಮಿಲ್ಲು, 1943ರಲ್ಲಿ ಅವರು ಮಾರಿದ ಮೇಲೆ ಇಂಡಿಯಾ ಯುನೈಟೆಡ್ ಆದದ್ದು, ಆಮೇಲೆ ಸರ್ಕಾರದ ಬಟ್ಟೆ ಮಿಲ್ ನಿಗಮ ಎನ್‌ಟಿಸಿಗೆ ಹೋದದ್ದು. ಇಷ್ಟು ಕೈ ಬದಲಾದ್ರೂ ಕೆರೆ ಉಳಿದಿದೆ.

ಮುಂಬಯಿ ಕೆರೆ ಮುಚ್ಚೋದ್ರಲ್ಲಿ ಎತ್ತಿದ ಕೈ. ಧೋಬಿ ತಲಾವ್‌ನಲ್ಲಿ ತಲಾವ್ ಇಲ್ಲ, ಸಿ.ಪಿ. ಟ್ಯಾಂಕ್‌ನಲ್ಲಿ ಟ್ಯಾಂಕ್ ಇಲ್ಲ, 1942ರಲ್ಲಿ ಗಾಂಧೀಜಿ ಕ್ವಿಟ್ ಇಂಡಿಯಾ ಅಂದದ್ದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ, ಅಲ್ಲೂ ಟ್ಯಾಂಕ್ ಮುಚ್ಚಿಯೇ ಮೈದಾನ. ಬಸ್ ಕಂಡಕ್ಟರ್ ಬಾಯಲ್ಲಿ ಮಾತ್ರ ಕೆರೆ ಉಳಿದಿದೆ. ಅದೇ ಊರಿನವರು ಪ್ರತಿ ಗಣಪತಿ ಹಬ್ಬಕ್ಕೆ ಕೃತ್ರಿಮ ತಲಾವ್ ಅಂತ ಪ್ಲಾಸ್ಟಿಕ್ ಹಾಸಿ ಗುಂಡಿ ತೋಡ್ತಾರೆ. ಅಷ್ಟೇ ಅಲ್ಲ, ಹಿಂದ್‌ಮಾತಾ ಮುಳುಗೋದು ತಡೀಲಿಕ್ಕೆ ಅಂತ ಪರೇಲಿನ ಸೇಂಟ್ ಝೇವಿಯರ್ ಮೈದಾನದ ಅಡಿಯಲ್ಲಿ, ದಾದರಿನ ಪ್ರಮೋದ್ ಮಹಾಜನ್ ಪಾರ್ಕಿನ ಅಡಿಯಲ್ಲಿ ಕೋಟಿಗಟ್ಲೆ ಖರ್ಚು ಮಾಡಿ ಮಳೆನೀರಿನ ಟಾಕಿ ಕಟ್ಟಿದ್ದಾರೆ. ಆ ಟಾಕಿ ತಪ್ಪು ಅಂತಲ್ಲ, 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು ನೋಡಿದ ಯಾರೂ ಹಾಗೆ ಹೇಳೋದಿಲ್ಲ. ಆದ್ರೆ ಇದ್ದ ಕೆರೆ ಮುಚ್ಚಿ ನೆಲದಡಿ ಟಾಕಿ ತೋಡೋದು ಅಂದ್ರೆ ಬೆಂಕಿ ಬಿದ್ದಾಗ ಬಾವಿ ತೋಡಿದ್ದಕ್ಕಿಂತ ಕಡೆ, ಬಾವಿ ಇತ್ತಲ್ಲ ಮೊದ್ಲೇ. ಲೆಕ್ಕ ಸಿಂಪಲ್, ಒಂದು ಎಕರೆ ಕೆರೆಯಲ್ಲಿ ಮಳೆಗೆ ಮುಂಚೆ ಒಂದು ಮೀಟರ್ ಜಾಗ ಖಾಲಿ ಇಟ್ರೆ 40 ಲಕ್ಷ ಲೀಟರ್ ನೀರು ಅಲ್ಲೇ ನಿಲ್ತದೆ. ಮಿಲ್ಲಿನವರಿಗೆ ಇದು ಗೊತ್ತಿತ್ತು, ಮೇ ತಿಂಗಳಲ್ಲಿ ಪಂಪ್ ಹಚ್ಚಿ ಕೆರೆ ಇಳಿಸಿ ಹೂಳು ತೆಗೆಸೋರು, ಮಾಡಿನ ನೀರೆಲ್ಲ ಪೈಪಿನಲ್ಲಿ ಅದಕ್ಕೇ ಬರೋ ಹಾಗೆ ಮಾಡಿದ್ರು.

ಕಾನೂನು ಏನು ಹೇಳ್ತದೆ ಅಂತ ನನ್ನ ಅಳಿಯನ ಹತ್ರ ಕೇಳಿದೆ, ಅವನು ವಕೀಲ. 2017ರ ಜೌಗು ಪ್ರದೇಶದ ನಿಯಮದಲ್ಲಿ ಕುಡಿಯೋ ನೀರಿಗೆ, ನೀರಾವರಿಗೆ, ಉಪ್ಪಿಗೆ, ಮೀನು ಸಾಕ್ಲಿಕ್ಕೆ, ಮನರಂಜನೆಗೆ ಅಂತ ಮನುಷ್ಯ ಕಟ್ಟಿದ ಕೆರೆಗಳನ್ನ ಹೊರಗಿಟ್ಟಿದ್ದಾರೆ, ಮಿಲ್ಲಿನ ಕೆರೆ ಆ ಲಿಸ್ಟಲ್ಲಿ ಹೆಸರು ಹಿಡಿದು ಇಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ತ್ರಿಶಂಕು. 2001ರಲ್ಲಿ ಹಿಂಚ್‌ಲಾಲ್ ತಿವಾರಿ ಕೇಸಲ್ಲಿ ಸುಪ್ರೀಂ ಕೋರ್ಟು ಕೆರೆ, ಕಾಡು, ಗುಡ್ಡ ಎಲ್ಲ ಸಮುದಾಯದ ಆಸ್ತಿ ಅಂದಿದೆ, ಆದ್ರೆ ಅದು ಹಳ್ಳಿ ಕೆರೆಯ ಕೇಸು. ಅಂದ್ರೆ ಗಿರಣಿ ಕೆರೆಗೆ ಕಾನೂನಿನ ಆಸರೆ ಗಟ್ಟಿ ಇಲ್ಲ, ಪ್ಲಾನ್ ಮಾಡೋರ ಮನಸ್ಸೇ ಆಸರೆ. ಅದಕ್ಕೇ ಈ ಪತ್ರ.

ನನ್ನ ಬೇಡಿಕೆ ದೊಡ್ಡದೇನಲ್ಲ. ಫೌಂಟನ್ ಹಾಕಿ, ನೀರು ಚಿಮ್ಮಿದ್ರೆ ಗಾಳಿ ಸೇರಿ ಮೀನಿಗೂ ಒಳ್ಳೇದೇ, ಮಿಲ್ಲಿನ ಕಾಲದಲ್ಲೂ ಬಿಸಿನೀರು ತಣಿಸ್ಲಿಕ್ಕೆ ಕೆಲವು ಕಡೆ ಚಿಮ್ಮಿಸ್ತಿದ್ರು, ಅದನ್ನೇ ಒಂದು ಬೋರ್ಡಲ್ಲಿ ಬರೆದ್ರೆ ಫೌಂಟನ್‌ಗೂ ಅರ್ಥ ಬರ್ತದೆ. ಆದ್ರೆ ಫೌಂಟನ್ ನಳಿಗೆ ಕಟ್ಟಬಾರದು, ನೀರು ಸ್ವಿಮ್ಮಿಂಗ್ ಪೂಲ್ ಹಾಗೆ ಹೊಳೀಬೇಕು ಅಂತ ಕ್ಲೋರಿನ್ ಹಾಕ್ಬೇಡಿ. ಜನ ನಿಲ್ಲೋ ಕಡೆ ಕಟ್ಟೆ, ರೇಲಿಂಗ್ ಎಲ್ಲ ಮಾಡಿ, ಮಕ್ಕಳು ಬೀಳಬಾರದಲ್ಲ, ಉಳಿದ ದಡ ಇಳಿಜಾರಾಗಿ ಮಣ್ಣಲ್ಲೇ ಇರ್ಲಿ, ಜೊಂಡು ಬೆಳೀಲಿ. ಅಂತರಗಂಗೆ ಬಂದ್ರೆ ಮಾತ್ರ ಕಿತ್ತು ಹಾಕಿ, ಅದನ್ನ ಹಾಗೇ ಬಿಟ್ರೆ ಇಡೀ ಕೆರೆ ಮುಚ್ಚಿ ಬಿಡ್ತದೆ. ಲೈಟು ಒಂದು ಬದಿಗೆ ಸಾಕು, ಶೋ ಮುಗಿದ ಮೇಲೆ ಆರಿಸಿ, ರಾತ್ರಿ ಪಾಳಿಯ ಹಕ್ಕಿಗಳಿಗೆ ಕತ್ತಲೆ ಬೇಕು. ಮತ್ತೆ ಒಂದು ಕಡೆ ಎಂಜಿನ್, ಕಂಡೆನ್ಸರ್, ಕೆರೆ, ಈ ಮೂರರ ಸಂಬಂಧ ತೋರಿಸೋ ಒಂದು ಮಾಡೆಲ್ ಇಡಿ, ಮಕ್ಕಳು ಹ್ಯಾಂಡಲ್ ತಿರುಗಿಸಿದ್ರೆ ಓಡೋ ಹಾಗೆ. ಮ್ಯೂಸಿಯಂ ಒಳಗೆ ಎಷ್ಟು ಸಾಂಚಾ ಇಟ್ರೂ ಅವು ನಿಂತ ಸಾಂಚಾಗಳೇ, ನೂಲು ಬರೋದಿಲ್ಲ. ಇಡೀ ಜಾಗದಲ್ಲಿ ಇವತ್ತಿಗೂ ಮಳೆನೀರು ಹಿಡಿದು, ಗಾಳಿ ತಣಿಸಿ, ತನ್ನ ಹಳೇ ಕೆಲ್ಸ ಮಾಡ್ಲಿಕ್ಕೆ ಆಗೋದು ಈ ಕೆರೆಗೆ ಮಾತ್ರ.

ಗಿರಣಿ ಕ್ಯಾಂಟೀನಿನಲ್ಲಿ ಕೆಲ್ಸ ಮಾಡಿದವರ ಮಕ್ಕಳು ನಿಮ್ಮ ಓದುಗರಲ್ಲಿ ತುಂಬ ಜನ ಇದ್ದಾರೆ, ವಸಾಯಿ, ಮೀರಾ ರೋಡ್, ಡೊಂಬಿವಲಿ, ನವಿ ಮುಂಬಯಿ ಎಲ್ಲ ಕಡೆ. ಅವರ ಮನೆ ಟ್ರಂಕಿನಲ್ಲಿ ಹಳೇ ಫೋಟೋ ಇದ್ರೆ, ಹಿಂದೆ ಕೆರೆ ಕಾಣ್ತಾ ಇದ್ರೆ, ದಯವಿಟ್ಟು ಹುಡುಕಿ ತೆಗೀರಿ, ಮ್ಯೂಸಿಯಂ ಮಾಡೋರಿಗೆ ಕೊಡೋಣ, ಮರಾಠಿಯವರ ಹತ್ರ ಬೇಕಾದಷ್ಟು ಇರಬಹುದು, ನಮ್ಮದೂ ನಾಲ್ಕು ಇರ್ಲಿ.

ನಮ್ಮಪ್ಪನದ್ದು ಒಂದೇ ಒಂದು ಇದೆ, ದಸರಾ ದಿನದ್ದು, ಕ್ಯಾಂಟೀನಿನ ಒಂಬತ್ತು ಜನ ಕೆರೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಎಲ್ಲರ ಕೈಯಲ್ಲೂ ಬಂಗಾರದ ಸೊಪ್ಪು, ಅಂದ್ರೆ ಮಂದಾರದ ಎಲೆ, ಅಪ್ಪ ಮಾತ್ರ ಕ್ಯಾಮರಾ ಬಿಟ್ಟು ನೀರ ಕಡೆ ನೋಡ್ತಾ ಇದ್ದಾರೆ. ಅದರ ಕಾಪಿ ಈ ಪತ್ರದ ಜೊತೆ ಕಳಿಸ್ತಾ ಇದ್ದೇನೆ. ಹಾಕೋದಾದ್ರೆ ಸ್ವಲ್ಪ ದೊಡ್ಡದಾಗಿ ಹಾಕಿ, ಎಡಗಡೆ ಅಂಚು ಕತ್ತರಿಸ್ಬೇಡಿ, ಜೊಂಡು ಇರೋದು ಅಲ್ಲೇ.

ಇಂತಿ ನಿಮ್ಮ ಹಳೇ ಓದುಗ,
ಡೊಂಬಿವಲಿ ಪೂರ್ವ